ಓದುಗರ ಪ್ರಶ್ನೆ: ಹಿಮದ ರಾತ್ರಿ, ಕ್ಯಾಪ್ಟನ್ ಗೂಕಿನ್ ಮನೆಯ ಬಾಗಿಲು

ಕಳೆದ ಸಂಚಿಕೆಯಲ್ಲಿ ತಿಪಟೂರಿನ ಓದುಗರೊಬ್ಬರು ‘ಪಡೆಯ ಅಧಿಕಾರಿಯೂ ಊರಿನ ಪಂಚಾಯಿತಿದಾರನೂ ಒಬ್ಬನೇ ಆಗಿದ್ದ ಉದಾಹರಣೆ ಚರಿತ್ರೆಯಲ್ಲಿದೆಯೇ’ ಎಂದು ಕೇಳಿದ್ದರು. ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನ ಡೇನಿಯಲ್ ಗೂಕಿನ್ ಹೆಸರು ಹೇಳಿ, ನಾಲ್ಕು ಸಾಲಿನಲ್ಲಿ ಮುಗಿಸಿದ್ದೆ. ಕೇಂಬ್ರಿಜ್ ಊರಿನ ಪಡೆಗೆ ಕ್ಯಾಪ್ಟನ್. ಯುದ್ಧದ ಕಾಲದಲ್ಲಿ ಮೂಲನಿವಾಸಿಗಳ ಪರ ನಿಂತು 1676ರ ಚುನಾವಣೆಯಲ್ಲಿ ಸೋತವನು. ಅಷ್ಟಕ್ಕೇ ಇಷ್ಟು ಪತ್ರ ಬಂದಿವೆ. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಅವನಿಗೇ ಮೀಸಲು.

ನನ್ನ ಪರಿಚಯವನ್ನೂ ಒಬ್ಬರು ಕೇಳಿದ್ದಾರೆ. ಸಾಗರದ ಕಡೆಯವಳು. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದೆ. ನಿವೃತ್ತಿಯ ಮೇಲೆ ಮಗಳ ಬಾಣಂತನಕ್ಕೆಂದು ಮ್ಯಾಸಚೂಸೆಟ್ಸ್‌ನ ನೇಟಿಕ್ ಎಂಬ ಊರಿಗೆ ಹೋಗಿ ಆರು ತಿಂಗಳು ಇದ್ದೆ. ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಚಾರ್ಲ್ಸ್ ನದಿಯ ದಂಡೆಗೆ ಹೋಗುತ್ತಿದ್ದೆ. ಆ ದಂಡೆಯ ಮೇಲೊಂದು ಪುಟ್ಟ ಗ್ರಂಥಾಲಯವಿದೆ. ಗೂಕಿನ್ ಬರೆದಿಟ್ಟದ್ದನ್ನು ಮೊದಲು ಓದಿದ್ದು ಅಲ್ಲಿ ಕೂತು.

ಮಿಲಿಷಿಯಾ ಅಂದರೆ ಸೈನ್ಯವೇ, ನಮ್ಮ ಹೋಂ ಗಾರ್ಡ್ ತರಹವೇ? ಸೈನ್ಯದ ಅಧಿಕಾರಿಗೆ ಊರಿನ ಆಡಳಿತ ನೋಡಲು ಬಿಡುವೆಲ್ಲಿ ಮೇಡಂ?
*— ಶಿಕ್ಷಕರು, ದಾವಣಗೆರೆ*

ಸೈನ್ಯ ಅಲ್ಲ. ಅಲ್ಲಿ ಆಗ ಸಂಬಳದ ಸೈನ್ಯವೇ ಇರಲಿಲ್ಲ. 16ರಿಂದ 60 ವರ್ಷದೊಳಗಿನ ಗಂಡಸರೇ ಪಡೆ. ಬಡಗಿ, ಕಮ್ಮಾರ, ಒಕ್ಕಲಿಗ ಎಲ್ಲರೂ ಮನೆಯಲ್ಲಿ ಕೋವಿ, ಮದ್ದು, ಗುಂಡು ಇಟ್ಟುಕೊಂಡಿರಬೇಕು. ಗೊತ್ತುಪಡಿಸಿದ ದಿನ ಊರ ಬಯಲಿಗೆ ಬಂದು ಕವಾಯತು ಮಾಡಬೇಕು, ತಪ್ಪಿಸಿಕೊಂಡರೆ ದಂಡ ಕಟ್ಟಬೇಕು. ಕೆಲವರ ಕೈಯಲ್ಲಿ ಬಂದೂಕು, ಕೆಲವರ ಕೈಯಲ್ಲಿ ಆಳೆತ್ತರಕ್ಕಿಂತ ಉದ್ದದ ಈಟಿ. ಇದಕ್ಕೆ ‘ಟ್ರೇನ್‌ಬ್ಯಾಂಡ್’ ಎನ್ನುತ್ತಿದ್ದರು. ಕೇಂಬ್ರಿಜ್‌ನ ಪಡೆ ಕವಾಯತು ಮಾಡುತ್ತಿದ್ದ ಬಯಲು ಹಾರ್ವರ್ಡ್‌ನ ಮಗ್ಗುಲಲ್ಲೇ ಇದೆ. ಈಗ ಅದು ಮಕ್ಕಳು ಓಡಾಡುವ ಹುಲ್ಲುಹಾಸು.

ಮುಖ್ಯ ಸಂಗತಿ ಇನ್ನೊಂದಿದೆ. ಮೊದಲ ದಶಕಗಳಲ್ಲಿ ಕ್ಯಾಪ್ಟನ್ ಯಾರಾಗಬೇಕೆಂದು ಆರಿಸುತ್ತಿದ್ದವರು ಆ ಪಡೆಯವರೇ. ಅವರು ಆರಿಸಿದವನಿಗೆ ಸರ್ಕಾರ ಒಪ್ಪಿಗೆ ಕೊಡುತ್ತಿತ್ತು. ಊರಿನವರು ನಂಬಿದವನ ಕೈಗೇ ಪಡೆ ಸೇರುತ್ತಿತ್ತು, ಊರಿನ ಲೆಕ್ಕಪತ್ರವೂ ಸೇರುತ್ತಿತ್ತು. ಗೂಕಿನ್ ಕೇಂಬ್ರಿಜ್ ಪಡೆಗೆ ದಶಕಗಟ್ಟಲೆ ಕ್ಯಾಪ್ಟನ್ ಆಗಿದ್ದ. 1660ರ ದಶಕದಲ್ಲಿ ಊರಿನ ಪಂಚರಲ್ಲಿ, ಅಂದರೆ ಸೆಲೆಕ್ಟ್‌ಮನ್‌ಗಳಲ್ಲಿ, ಒಬ್ಬನಾಗಿದ್ದ. ಬೇಲಿ ಜಗಳ, ದನ ಹೊಲಕ್ಕೆ ನುಗ್ಗಿದ ತಕರಾರು, ದಾರಿ ರಿಪೇರಿ ಎಲ್ಲ ಇವರ ಮುಂದೆ ಬರುತ್ತಿದ್ದವು. 1651ರಲ್ಲಿ ವಸಾಹತಿನ ಶಾಸನಸಭೆಗೆ ಸ್ಪೀಕರ್ ಆದ. 1652ರಿಂದ ‘ಅಸಿಸ್ಟೆಂಟ್’ ಆದ. ಗವರ್ನರನ ಜೊತೆ ಕೂತು ಆಳುವ, ನ್ಯಾಯವನ್ನೂ ಹೇಳುವ ಹುದ್ದೆ ಅದು. ವರ್ಷಕ್ಕೊಮ್ಮೆ ಮತ ಹಾಕಿಸಿಕೊಂಡೇ ಉಳಿಸಿಕೊಳ್ಳಬೇಕು. 1662ರಲ್ಲಿ ಅಚ್ಚುಕೂಟಕ್ಕೆ ಪರವಾನಗಿ ಕೊಡುವ ಇಬ್ಬರಲ್ಲಿ ಅವನೂ ಒಬ್ಬ. ಹೊಟ್ಟೆಪಾಡಿಗೆ ಜಮೀನು, ವ್ಯಾಪಾರ ಇದ್ದವು.

ವರ್ಷ ವರ್ಷವೂ ಊರಿನವರ ಮತ ಬೇಕಿತ್ತು ಎಂಬುದನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕಥೆಗೆಲ್ಲ ಅದೇ ಬೇಕು.

ಹಾಗಾದರೆ ನಮ್ಮ ಪಾಳೆಯಗಾರರ ಹಾಗೆ ಅನ್ನಬಹುದೇ?
*— ಓದುಗರು, ಚಿತ್ರದುರ್ಗ*

ಅನ್ನಲಾಗದು. ಪಾಳೆಯಗಾರನಿಗೆ ಪಟ್ಟ ಮನೆತನದಿಂದ ಬರುತ್ತಿತ್ತು. ಅವನಿಗೆ ಸ್ವಂತ ಕೋಟೆ, ಸ್ವಂತ ಆಳು ಇರುತ್ತಿದ್ದವು. ಗೂಕಿನ್‌ಗೆ ಕೋಟೆ ಇರಲಿಲ್ಲ. ಅವನ ಆಳುಗಳು ಅವನ ನೆರೆಹೊರೆಯವರೇ. ಬೇಡ ಎನಿಸಿದ ದಿನ ಅವರು ಅವನನ್ನು ಇಳಿಸಬಲ್ಲರು. ಇಳಿಸಿದರು ಕೂಡ.

ಅವನು ಮೂಲತಃ ಎಲ್ಲಿಯವನು? ಅಮೆರಿಕಕ್ಕೆ ಹೇಗೆ ಬಂದ?
*— ಎಂ.ಎ. ವಿದ್ಯಾರ್ಥಿ, ಧಾರವಾಡ*

ಹುಟ್ಟಿದ್ದು 1612ರ ಸುಮಾರಿಗೆ. ಮನೆತನ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ್ದು, ತಂದೆ ನೆಲೆಸಿದ್ದು ಐರ್ಲೆಂಡಿನ ಕಾರ್ಕ್ ಬಳಿ. ಆ ತಂದೆ 1621ರಲ್ಲಿ ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನಲ್ಲಿ ತೋಟ ಮಾಡಿದ. ಮರುವರ್ಷ ಮಾರ್ಚಿನಲ್ಲಿ ಮೂಲನಿವಾಸಿಗಳು ಇಂಗ್ಲಿಷರ ಮೇಲೆ ಬಿದ್ದಾಗ ಅಕ್ಕಪಕ್ಕದ ತೋಟಗಳವರೆಲ್ಲ ಬಿಟ್ಟು ಹೋದರೂ ಇವನ ಜನ ಅಲುಗಲಿಲ್ಲ. ಮಗ ಆ ತೋಟದ ವಾರಸುದಾರ. ವರ್ಜೀನಿಯಾದಲ್ಲೇ ಪಡೆಯ ಕ್ಯಾಪ್ಟನ್ ಆದ, ಅಲ್ಲಿನ ಶಾಸನಸಭೆಯಲ್ಲೂ ಕೂತ. ಆದರೆ ಅವನು ಪ್ಯೂರಿಟನ್, ಅಂದರೆ ಇಂಗ್ಲೆಂಡಿನ ಚರ್ಚು ಇನ್ನೂ ಶುದ್ಧವಾಗಬೇಕು ಎನ್ನುವ ಪಂಥದವನು. 1643ರಲ್ಲಿ ವರ್ಜೀನಿಯಾ ಆ ಪಂಥದವರಿಗೆ ಬಾಗಿಲು ಮುಚ್ಚಿತು. 1644ರ ಮೇ ತಿಂಗಳಲ್ಲಿ ಹೆಂಡತಿ ಮಕ್ಕಳೊಂದಿಗೆ ಬೋಸ್ಟನ್ನಿಗೆ ಹಡಗಿನಲ್ಲಿ ಬಂದಿಳಿದ. ನಾಲ್ಕು ವರ್ಷದ ನಂತರ ಕೇಂಬ್ರಿಜ್‌ಗೆ ಬಂದವನು ಸಾಯುವ ತನಕ ಆ ಊರಿನವನೇ.

ಮುಚ್ಚಿಡದೆ ಹೇಳಬೇಕಾದದ್ದು ಒಂದಿದೆ. ಈತ ಆಫ್ರಿಕಾದವರನ್ನು ಗುಲಾಮರಾಗಿ ಇಟ್ಟುಕೊಂಡಿದ್ದವನು. ಆ ಮನೆಯಲ್ಲಿ ಬೆಳೆದ ಸಿಲ್ವೇನಸ್ ವಾರೋ ಎಂಬ ಯುವಕನ ಹೆಸರು ಅಲ್ಲಿನ ಕೋರ್ಟಿನ ದಾಖಲೆಗಳಲ್ಲಿ ಬರುತ್ತದೆ. ಮುಂದೆ ನಾನು ಈ ಮನುಷ್ಯನನ್ನು ಹೊಗಳುವಾಗ ಸಿಲ್ವೇನಸ್‌ನನ್ನು ಮರೆತಿಲ್ಲವೆಂದು ತಿಳಿಯಿರಿ.

‘ಮೂಲನಿವಾಸಿಗಳ ಸೂಪರಿಂಟೆಂಡೆಂಟ್’ ಎಂದು ಬರೆದಿದ್ದಿರಿ. ಅದೇನು ಕೆಲಸ?
*— ನಿವೃತ್ತ ತಹಸೀಲ್ದಾರರು, ಶಿರಸಿ*

ನಿಮಗೆ ಬೇಗ ಅರ್ಥವಾಗುವ ಕೆಲಸ. ಕಂದಾಯದವರದೂ ಹೌದು, ಮ್ಯಾಜಿಸ್ಟ್ರೇಟರದೂ ಹೌದು.

ಜಾನ್ ಎಲಿಯಟ್ ಎಂಬ ಪಾದ್ರಿ ಅಲ್ಲಿನ ಮೂಲನಿವಾಸಿಗಳ ಮ್ಯಾಸಚೂಸೆಟ್ ಭಾಷೆ ಕಲಿತು, ಅದರಲ್ಲೇ ಬೋಧನೆ ಮಾಡಿ, ಬೈಬಲನ್ನೂ ಆ ಭಾಷೆಗೆ ತಂದ. 1663ರಲ್ಲಿ ಕೇಂಬ್ರಿಜ್‌ನಲ್ಲಿ ಅಚ್ಚಾದ ಆ ಪುಸ್ತಕವೇ ಉತ್ತರ ಅಮೆರಿಕದಲ್ಲಿ ಮುದ್ರಣವಾದ ಮೊದಲ ಬೈಬಲ್. ಅದರ ಅಚ್ಚಿನ ಮೊಳೆ ಜೋಡಿಸಿದವರಲ್ಲಿ ನಿಪ್‌ಮಕ್ ಜನಾಂಗದ ಒಬ್ಬ ಯುವಕನಿದ್ದ. ಹುಟ್ಟು ಹೆಸರು ವೋವಾಸ್, ಊರವರ ಬಾಯಲ್ಲಿ ಜೇಮ್ಸ್ ಪ್ರಿಂಟರ್. ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದ ಬಗ್ಗೆ ಕೇಳಿ ಬೆಳೆದ ನನಗೆ ಈ ಹುಡುಗನ ಹೆಸರು ಕಣ್ಣಿಗೆ ಬಿದ್ದಾಗ ಪುಟ ಮಗುಚಲು ಮನಸ್ಸಾಗಲಿಲ್ಲ.

ಕ್ರೈಸ್ತರಾದ ಮೂಲನಿವಾಸಿಗಳಿಗೆ ಬೇರೆಯೇ ಊರುಗಳಾದವು. ಇಂಗ್ಲಿಷರು ಇವರನ್ನು ‘ಪ್ರಾರ್ಥನೆಯ ಇಂಡಿಯನ್ನರು’ ಎಂದು ಕರೆದರು. 1651ರಲ್ಲಿ ಹುಟ್ಟಿದ ನೇಟಿಕ್ ಮೊದಲನೆಯದು. ನನ್ನ ಮಗಳು ಇರುವ ಊರೇ ಅದು. ಈ ಊರುಗಳ ಮೇಲ್ವಿಚಾರಣೆಗೆ 1656ರಲ್ಲಿ ಸರ್ಕಾರ ಗೂಕಿನ್‌ನನ್ನು ನೇಮಿಸಿತು. ನಡುವೆ ಕೆಲವು ವರ್ಷ ಬಿಟ್ಟರೆ ಕೊನೆಯವರೆಗೂ ಅವನೇ. ಕುದುರೆಯೇರಿ ಊರೂರು ತಿರುಗಿ, ಅಲ್ಲಿನವರೇ ಆರಿಸಿದ ಮುಖಂಡರನ್ನು ಒಪ್ಪಿ, ಅವರ ಜೊತೆ ಕೂತು ವ್ಯಾಜ್ಯ ತೀರಿಸುತ್ತಿದ್ದ. 1674ರಲ್ಲಿ ಲೆಕ್ಕ ಬರೆದಾಗ ಇಂಥ ಊರು 14, ಜನ ಸುಮಾರು 1,100. ಊರೂರಿನ ಹೆಸರು, ದೂರ, ಮಣ್ಣಿನ ಗುಣ, ಕುಟುಂಬ ಎಷ್ಟು, ಪಾಠ ಹೇಳುವವನು ಯಾರು ಎಲ್ಲವನ್ನೂ ಬರೆದಿದ್ದಾನೆ. ಒಳ್ಳೆಯ ಶ್ಯಾನುಭೋಗನ ಕಡತದ ಹಾಗಿದೆ ಅದು. ಅವನು ಬರೆಯದಿದ್ದರೆ ಆ ಊರುಗಳ ಎಷ್ಟೋ ಹೆಸರುಗಳು ಇಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಅದೇ 1674ರ ಜುಲೈ 13ರಂದು ಇದೇ ಗೂಕಿನ್ ಮತ್ತು ಅವನ ಸಂಗಡಿಗರು ಇಂದಿನ ವೂಸ್ಟರ್ ನಗರದ ನೆಲವನ್ನು ನಿಪ್‌ಮಕ್ ಮುಖಂಡರಿಂದ ಬರೆಸಿಕೊಂಡರು. ಎಂಟು ಮೈಲಿ ಉದ್ದ, ಎಂಟು ಮೈಲಿ ಅಗಲ. ಬೆಲೆ 12 ಪೌಂಡ್. ಮುಂಗಡವಾಗಿ ಎರಡು ಕೋಟು, ನಾಲ್ಕು ಗಜ ಬಟ್ಟೆ. ಪತ್ರ ಕಾನೂನುಬದ್ಧ, ಮಾರಿದವರು ಗುರುತು ಹಾಕಿ ಒಪ್ಪಿದ್ದಾರೆ. ಆದರೂ ತಹಸೀಲ್ದಾರರೇ, ನೀವೂ ನಾನೂ ಇಂಥ ಪತ್ರಗಳನ್ನು ನಮ್ಮ ಸೀಮೆಯಲ್ಲೂ ಕಂಡವರು. ಓದುವಾಗ ಕೈ ತಡೆಯುತ್ತದೆ.

1675ರಲ್ಲಿ ಏನಾಯಿತು? ಅಷ್ಟು ವರ್ಷ ಆರಿಸಿದ ಜನ ಅವನನ್ನು ಯಾಕೆ ದ್ವೇಷಿಸಿದರು?
*— ಗೃಹಿಣಿ, ಮೈಸೂರು*

ಆ ವರ್ಷ ಜೂನ್‌ನಲ್ಲಿ ಯುದ್ಧ ಹತ್ತಿತು. ವಾಂಪನೋಗ್ ಜನಾಂಗದ ಮುಖಂಡ ಮೆಟಾಕಮ್. ಇಂಗ್ಲಿಷರು ಅವನನ್ನು ಕಿಂಗ್ ಫಿಲಿಪ್ ಎನ್ನುತ್ತಿದ್ದರು. ಅವನ ಜನರ ನೆಲ ಕೈಬಿಡುತ್ತಾ ಬಂದಿತ್ತು. ಅವನ ಕಡೆಯ ಮೂವರನ್ನು ಇಂಗ್ಲಿಷ್ ಕೋರ್ಟು ನೇಣಿಗೆ ಹಾಕಿತ್ತು. ಬೇರೆ ಜನಾಂಗಗಳೂ ಅವನೊಡನೆ ಸೇರಿದವು. ಒಂದು ವರ್ಷದೊಳಗೆ ಇಂಗ್ಲಿಷರ ಹತ್ತಕ್ಕೂ ಹೆಚ್ಚು ಊರುಗಳು ಬೂದಿಯಾದವು.

ಗೂಕಿನ್ ಮಾಡಿದ ಮೊದಲ ಕೆಲಸ, ಪ್ರಾರ್ಥನೆಯ ಊರುಗಳಿಂದ ಐವತ್ತು ಚಿಲ್ಲರೆ ಆಳುಗಳನ್ನು ಇಂಗ್ಲಿಷ್ ಪಡೆಯ ಜೊತೆ ಕಳಿಸಿದ್ದು. ಈ ಊರುಗಳು ಗಡಿಯ ಉದ್ದಕ್ಕೂ ಇವೆ, ಇವರನ್ನು ಜೊತೆಗಿಟ್ಟುಕೊಂಡರೆ ಇವರೇ ನಮಗೆ ಗೋಡೆ ಎಂದು ಅವನ ವಾದ. ಪಡೆಯ ಅಧಿಕಾರಿಯ ಲೆಕ್ಕಾಚಾರವಾಗಿಯೂ ಅದು ಸರಿಯಿತ್ತು. ಆದರೆ ಹೆದರಿದ ಜನಕ್ಕೆ ಇವರೂ ಅವರೂ ಒಂದೇ ಕಂಡರು. ಆಗಸ್ಟ್ 30ರಂದು ಆಜ್ಞೆ ಬಂತು. ಕ್ರೈಸ್ತ ಮೂಲನಿವಾಸಿಗಳು ಐದು ಊರುಗಳಲ್ಲಿ ಮಾತ್ರ ಇರಬೇಕು, ಊರ ನಡುವಿನಿಂದ ಒಂದು ಮೈಲಿ ದಾಟಬಾರದು, ದಾಟಿದವನಿಗೆ ಏನಾದರೂ ಕೇಳುವವರಿಲ್ಲ. ಬೇಟೆ ನಿಂತಿತು, ಹೊಲದ ಕೊಯ್ಲು ಕೆಟ್ಟಿತು. ಆ ದಿನಗಳಲ್ಲೇ ಸ್ಯಾಮ್ಯುಯೆಲ್ ಮೋಸ್ಲಿ ಎಂಬ ಕ್ಯಾಪ್ಟನ್ ಮಾರ್ಲ್‌ಬರೋ ಬಳಿ ಕ್ರೈಸ್ತ ಮೂಲನಿವಾಸಿಗಳನ್ನು ಹಿಡಿದು, ಕುತ್ತಿಗೆಗೆ ಹಗ್ಗ ಹಾಕಿ ಒಬ್ಬರ ಹಿಂದೊಬ್ಬರನ್ನು ಬಿಗಿದು ಬೋಸ್ಟನ್ನಿಗೆ ನಡೆಸಿಕೊಂಡು ಹೋದ. ಆ ಹಗ್ಗದಲ್ಲಿ ಜೇಮ್ಸ್ ಪ್ರಿಂಟರ್ ಕೂಡ ಇದ್ದ, ಬೈಬಲಿನ ಮೊಳೆ ಜೋಡಿಸಿದ ಅದೇ ಜೇಮ್ಸ್. ಗೂಕಿನ್, ಎಲಿಯಟ್ ಇಬ್ಬರೂ ಅವರ ಪರ ವಾದಿಸಿದರು. ‘ನನಗೆ ಬೀದಿಯಲ್ಲಿ ನಡೆಯಲು ಭಯವಾಗುತ್ತಿದೆ’ ಎಂದು ಗೂಕಿನ್ ನ್ಯಾಯಪೀಠದಲ್ಲೇ ಹೇಳಿದಾಗ, ಅದಕ್ಕೆ ನೀನೇ ಕಾರಣ ಎಂಬ ಉತ್ತರ ಬಂತು.

ಅಕ್ಟೋಬರ್ 30. ನೇಟಿಕ್‌ನ ಸುಮಾರು 200 ಜನರನ್ನು, ಮುದುಕರು ಮಕ್ಕಳು ರೋಗಿಗಳು ಸಹಿತ, ಚಾರ್ಲ್ಸ್ ನದಿಯ ದಂಡೆಗೆ ತಂದರು. ಎಲಿಯಟ್ ಅಲ್ಲಿ ಅವರೊಂದಿಗೆ ಪ್ರಾರ್ಥನೆ ಮಾಡಿದ. ನಡುರಾತ್ರಿ ಉಬ್ಬರದ ನೀರು ಬಂದಾಗ ಮೂರು ಹಡಗುಗಳಲ್ಲಿ ತುಂಬಿ ಬೋಸ್ಟನ್ ಬಂದರಿನ ಡೀರ್ ಐಲೆಂಡ್ ಎಂಬ ದ್ವೀಪಕ್ಕೆ ಸಾಗಿಸಿದರು. ಆಮೇಲೆ ಬೇರೆ ಊರಿನವರೂ ಸೇರಿ ಅಲ್ಲಿ ಸುಮಾರು 500 ಜನ ಆದರು. ಸಮುದ್ರದ ಗಾಳಿ, ಹಿಮ, ತೆಳು ಬಟ್ಟೆ. ತಿನ್ನಲು ಹೆಚ್ಚಾಗಿ ದಂಡೆಯ ಚಿಪ್ಪುಮೀನು. ದ್ವೀಪ ಬಿಟ್ಟು ಹೊರಟರೆ ಮರಣದಂಡನೆ. ಎಷ್ಟೋ ಜನ ಅಲ್ಲೇ ಸತ್ತರು. ನವೆಂಬರ್‌ನಲ್ಲಿ ಚೆಲ್ಮ್ಸ್‌ಫರ್ಡ್‌ನ ಕೆಲವು ಇಂಗ್ಲಿಷರು ವಾಮೆಸಿಟ್ ಎಂಬ ಪ್ರಾರ್ಥನೆಯ ಊರಿನವರ ಮೇಲೆ ಗುಂಡು ಹಾರಿಸಿ ಒಬ್ಬ ಹುಡುಗನನ್ನು ಕೊಂದರು, ಹೆಂಗಸರು ಮಕ್ಕಳನ್ನು ಗಾಯಗೊಳಿಸಿದರು. ಜ್ಯೂರಿ ಅವರನ್ನು ಬಿಟ್ಟುಬಿಟ್ಟಿತು.

ಚಳಿಗಾಲದ ನಡುವೆ ಸರ್ಕಾರಕ್ಕೆ ಗೂಢಚಾರರು ಬೇಕಾದರು. ಗೂಕಿನ್ ಕೇಳಿಕೊಂಡದ್ದಕ್ಕೆ ಇಬ್ಬರು ಒಪ್ಪಿದರು, ಜೇಮ್ಸ್ ಕ್ವಾನಪೋಹಿಟ್ ಮತ್ತು ಜಾಬ್ ಕಟ್ಟೆನಾನಿಟ್. ಜಾಬ್‌ನ ಮೂವರು ಮಕ್ಕಳು ಶತ್ರುಗಳ ವಶದಲ್ಲಿದ್ದರು. ಅವರನ್ನು ಹುಡುಕುವ ಆಸೆ ಅವನದು. ಡಿಸೆಂಬರ್ 30ರಂದು ಹೊರಟರು. ಜನವರಿ 24ಕ್ಕೆ ಕ್ವಾನಪೋಹಿಟ್ ಮರಳಿ ಬಂದು ಸ್ಪಷ್ಟವಾಗಿ ಹೇಳಿದ: ಇನ್ನು ಇಪ್ಪತ್ತು ದಿನದಲ್ಲಿ ಲ್ಯಾಂಕಾಸ್ಟರ್ ಎಂಬ ಇಂಗ್ಲಿಷರ ಊರಿನ ಮೇಲೆ ಬೀಳುತ್ತಾರೆ. ಅವನ ಮಾತನ್ನು ಬರೆದುಕೊಂಡರು, ಸುಮ್ಮನಾದರು.

ಫೆಬ್ರವರಿ 9ರ ರಾತ್ರಿ ಹತ್ತರ ಹೊತ್ತಿಗೆ ಗೂಕಿನ್ ಮನೆಯ ಬಾಗಿಲಿಗೆ ಜಾಬ್ ಬಂದ. ಕಾಲಿಗೆ ಹಿಮದ ಪಾದುಕೆ ಕಟ್ಟಿಕೊಂಡು ಸುಮಾರು 80 ಮೈಲಿ ನಡೆದು ಬಂದಿದ್ದ. ಸೋತು ಸುಣ್ಣವಾಗಿದ್ದ. ನಾಳೆಯೇ ಲ್ಯಾಂಕಾಸ್ಟರ್ ಎಂದ. ಗೂಕಿನ್ ಹಾಸಿಗೆಯಿಂದೆದ್ದು ಪಕ್ಕದ ಮನೆಯ, ತನ್ನಂತೆಯೇ ಅಸಿಸ್ಟೆಂಟ್ ಆಗಿದ್ದ ಥಾಮಸ್ ಡ್ಯಾನ್‌ಫರ್ತ್‌ನ ಜೊತೆ ಮಾತಾಡಿ, ಆ ರಾತ್ರಿಯೇ ಮಾರ್ಲ್‌ಬರೋ, ಕಾನ್‌ಕರ್ಡ್, ಲ್ಯಾಂಕಾಸ್ಟರ್‌ಗೆ ಸವಾರರ ಕೈಯಲ್ಲಿ ಪತ್ರ ಓಡಿಸಿದ. ಮಾರ್ಲ್‌ಬರೋದಿಂದ ಸುಮಾರು 40 ಜನ ಹೊರಟು ಹತ್ತು ಮೈಲಿ ಓಡಿ ಬಂದರು. ಅಷ್ಟರಲ್ಲಿ ಲ್ಯಾಂಕಾಸ್ಟರ್‌ನ ಪಾದ್ರಿ ರೋಲಂಡ್‌ಸನ್‌ನ ಮನೆ ಉರಿದುಹೋಗಿತ್ತು. ಅವನ ಹೆಂಡತಿ ಮೇರಿ ಮಕ್ಕಳೊಂದಿಗೆ ಸೆರೆಯಾದಳು. ಊರಿನ ಉಳಿದ ಭಾಗವನ್ನು ಆ 40 ಜನ ಉಳಿಸಿದರು.

ನನಗೆ ಈ ಒಂದು ರಾತ್ರಿ ಸಾಕು. ಯಾರನ್ನು ಊರಿಗೆ ಊರೇ ದ್ರೋಹಿ ಎನ್ನುತ್ತಿತ್ತೋ ಅವನು ಆ ಊರಿನವರ ಜೀವ ಉಳಿಸಲು ಹಿಮದಲ್ಲಿ ನಡೆದು ಬಂದ. ಅವನಿಗೆ ಗೊತ್ತಿದ್ದ, ತಟ್ಟಬಹುದಾದ ಬಾಗಿಲು ಒಂದೇ.

ಇದಾದ ಮೇಲೂ ಜನ ಕರಗಲಿಲ್ಲ. ಅದೇ ಫೆಬ್ರವರಿ ಕೊನೆಗೆ ಬೋಸ್ಟನ್ನಿನಲ್ಲಿ ಗೂಕಿನ್, ಡ್ಯಾನ್‌ಫರ್ತ್ ಇಬ್ಬರನ್ನೂ ದ್ರೋಹಿಗಳೆಂದು ಕರೆದು, ಸಾಯಲು ಸಿದ್ಧರಾಗಿ ಎಂಬ ಕೈಬರಹದ ಚೀಟಿ ಅಂಟಿಸಿದರು. ಕೇಂಬ್ರಿಜ್‌ನ ಒಂದು ಹೋಟೆಲಿನಲ್ಲಿ ಒಬ್ಬ ಕುಡಿದು ‘ಐರಿಶ್ ನಾಯಿ, ಒಬ್ಬನೇ ಸಿಕ್ಕರೆ ಗುಂಡು ಹಾರಿಸುತ್ತೇನೆ’ ಎಂದು ಕೂಗಾಡಿದ. ತಂದೆ ಐರ್ಲೆಂಡಿನಲ್ಲಿದ್ದದ್ದು ಈಗ ಬೈಗುಳವಾಯಿತು. ಏಪ್ರಿಲ್‌ನಲ್ಲಿ ಗೂಕಿನ್, ಡ್ಯಾನ್‌ಫರ್ತ್, ಎಪ್ಪತ್ತು ದಾಟಿದ ಎಲಿಯಟ್ ಎಲ್ಲರೂ ದ್ವೀಪದ ಕೆಲಸಕ್ಕೆ ದೋಣಿಯಲ್ಲಿ ಹೋಗುವಾಗ ದೊಡ್ಡದೊಂದು ದೋಣಿ ಇವರ ಮೇಲೇ ಹಾಯ್ದಿತು. ಎಲಿಯಟ್ ಮುಳುಗಿ ಉಪ್ಪುನೀರು ಕುಡಿದು ಬದುಕಿದ. ಬೇಕೆಂದೇ ಮಾಡಿದರೋ, ಅಜಾಗರೂಕತೆಯೋ, ದೇವರೇ ಬಲ್ಲ ಎಂದು ಬರೆದುಕೊಂಡ. ಮೇ ತಿಂಗಳ ಚುನಾವಣೆಯಲ್ಲಿ ಗೂಕಿನ್ ಸೋತ. ಇಪ್ಪತ್ತಕ್ಕೂ ಹೆಚ್ಚು ವರ್ಷದ ಹುದ್ದೆ ಹೋಯಿತು.

ಆದರೆ ಅದೇ ಮೇ ತಿಂಗಳಲ್ಲಿ ಮಿಡ್ಲ್‌ಸೆಕ್ಸ್ ಜಿಲ್ಲೆಯ ಪಡೆಗಳಿಗೆಲ್ಲ ಮುಖ್ಯಸ್ಥನನ್ನಾಗಿ ಅವನನ್ನೇ ಮಾಡಿದರು. ಮತ ಕೊಡಲು ಬೇಡವಾದ, ಪಡೆ ನಡೆಸಲು ಅವನೇ ಬೇಕಾದ. ದ್ವೀಪದಿಂದ ಬಿಡಿಸಿ ತಂದ ಮೂಲನಿವಾಸಿಗಳ ತುಕಡಿಯೂ ಆ ವಸಂತದಲ್ಲಿ ಇಂಗ್ಲಿಷರ ಕಡೆ ಸೇರಿ ಹೋರಾಡಿತು. ಮೇರಿ ರೋಲಂಡ್‌ಸನ್‌ಳನ್ನು 20 ಪೌಂಡ್ ಕೊಟ್ಟು ಬಿಡಿಸಲು ನಡುವೆ ಓಡಾಡಿದವರು ನೆಪನೆಟ್ ಮತ್ತು ಪೀಟರ್ ಎಂಬ ಇಬ್ಬರು ಕ್ರೈಸ್ತ ಮೂಲನಿವಾಸಿಗಳು. 1677ರಲ್ಲಿ ಜನ ಗೂಕಿನ್‌ಗೆ ಮತ್ತೆ ಮತ ಹಾಕಿದರು.

ಲ್ಯಾಂಕಾಸ್ಟರ್ ದಾಳಿಯನ್ನು ಒಂದು ಕಡೆ 1675, ಇನ್ನೊಂದು ಕಡೆ 1676 ಎಂದು ಓದಿದೆ. ಯಾವುದು ಸರಿ?
*— ಓದುಗರು, ಮಂಡ್ಯ*

ಎರಡೂ. ಆಗ ಇಂಗ್ಲಿಷರಿಗೆ ಹೊಸ ವರ್ಷ ಮಾರ್ಚ್ 25ಕ್ಕೆ. ಫೆಬ್ರವರಿ 10 ಅವರ ಲೆಕ್ಕದಲ್ಲಿ ಇನ್ನೂ 1675, ನಮ್ಮ ಲೆಕ್ಕದಲ್ಲಿ 1676. ನಮ್ಮ ಯುಗಾದಿಯ ಹಿಂದುಮುಂದಿನ ತಿಂಗಳುಗಳ ಶಾಸನ ಓದುವಾಗ ಬರುವ ತೊಡಕೇ ಇದು. ಇಲ್ಲಿ ನಾನು ಇಂದಿನ ಲೆಕ್ಕದ ವರ್ಷವನ್ನೇ ಬಳಸಿದ್ದೇನೆ.

ಅವನೂ ಆ ಸರ್ಕಾರದಲ್ಲೇ ಇದ್ದನಲ್ಲ! ಜನರನ್ನು ದ್ವೀಪಕ್ಕೆ ತಳ್ಳುವಾಗ ರಾಜೀನಾಮೆ ಕೊಡಬೇಕಿತ್ತು. ಅದೇ ದ್ವೀಪದವರನ್ನು ಗೂಢಚಾರಿಕೆಗೂ ಕಳಿಸಿದ. ಅವನನ್ನು ಒಳ್ಳೆಯವನೆಂದು ಹೇಗೆ ಹೇಳುತ್ತೀರಿ?
*— ವಕೀಲರು, ಚಿಕ್ಕಮಗಳೂರು*

ನಿಮ್ಮ ಪತ್ರವನ್ನು ಮೂರು ದಿನ ಮೇಜಿನ ಮೇಲಿಟ್ಟುಕೊಂಡಿದ್ದೆ.

ನನ್ನ ತಂದೆ ಶ್ಯಾನುಭೋಗರು. ಶರಾವತಿಯ ಮುಳುಗಡೆಗೆ ಮುಂಚೆ ನಮ್ಮ ಸೀಮೆಯ ಮನೆ, ಗದ್ದೆ, ಅಡಿಕೆ ಮರ, ಬಾವಿ ಎಣಿಸಿ ಪಟ್ಟಿ ಬರೆದವರಲ್ಲಿ ಅವರೂ ಒಬ್ಬರು. ನಾನು ಚಿಕ್ಕವಳು. ಸಂಜೆ ಜಗುಲಿಗೆ ಬಂದು ಕೂತವರು ‘ನಮ್ಮನೆ ಹೆಸರು ನೀವೇ ಬರದ್ರಾ ಅಯ್ಯ?’ ಎಂದು ಕೇಳುತ್ತಿದ್ದರು. ಅಪ್ಪ ಹೌದು ಎನ್ನುತ್ತಿದ್ದರು. ಆಮೇಲೆ ದೀಪ ಹಚ್ಚಿಸಿ ಅದೇ ಪಟ್ಟಿ ಬಿಚ್ಚಿ, ಬಿಟ್ಟುಹೋದ ಮರ, ಬಿಟ್ಟುಹೋದ ಕೊಟ್ಟಿಗೆ ಸೇರಿಸುತ್ತಿದ್ದರು. ಒಂದು ಹಲಸಿನ ಮರಕ್ಕಾಗಿ ಮೇಲಿನವರೊಂದಿಗೆ ಜಗಳವಾಡಿ ಬಂದದ್ದು ನೆನಪಿದೆ. ಪಟ್ಟಿ ಬರೆಯುವುದಿಲ್ಲ ಎಂದು ಅವರು ಎದ್ದು ಬರಬಹುದಿತ್ತು. ಬಂದಿದ್ದರೆ ಆ ಹಲಸಿನ ಮರ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಬರಲಿಲ್ಲವಾದ್ದರಿಂದ ಕೆಲವರು ಕೊನೆಯ ತನಕ ಅವರ ಜೊತೆ ಮಾತಾಡಲಿಲ್ಲ. ಅವರ ಸಿಟ್ಟೂ ನ್ಯಾಯವೇ ಆಗಿತ್ತು.

ಗೂಕಿನ್‌ನನ್ನು ನಾನು ಈ ಕಣ್ಣಿನಿಂದ ನೋಡುತ್ತೇನೆ. ಸಭೆಯಲ್ಲಿ ವಿರೋಧಿಸಿದ, ಸೋತ. ಸೋತ ಮೇಲೆ ಹುದ್ದೆ ಬಿಡದೆ ದ್ವೀಪಕ್ಕೆ ಹೋಗಿ ಬಂದ. ಹೋದಾಗಲೆಲ್ಲ ಅವರು ಗೊಣಗದೆ ತಾಳ್ಮೆಯಿಂದಿದ್ದರು ಎಂದು ಬರೆದಿದ್ದಾನೆ. ಆ ವಾಕ್ಯ ನನಗೆ ಒಪ್ಪಿಗೆಯಿಲ್ಲ. ಹಸಿದವನು ಮ್ಯಾಜಿಸ್ಟ್ರೇಟನ ಮುಂದೆ ಗೊಣಗುವುದುಂಟೇ? ಅವನು ಹೋದ ಮೇಲೆ ಅವರು ಏನು ಮಾತಾಡಿಕೊಂಡರೋ ಅವನ ಪುಸ್ತಕದಲ್ಲಿಲ್ಲ. ಗೂಢಚಾರಿಕೆಯ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ನಿಜ. ಮಕ್ಕಳನ್ನು ಕಳೆದುಕೊಂಡವನ ಆಸೆಯನ್ನು ಸರ್ಕಾರ ಬಳಸಿಕೊಂಡಿತು. ಕೂಲಿ, ತಲೆಗೆ ಐದು ಪೌಂಡ್.

ಆದರೆ 1677ರಲ್ಲಿ ಅವನು ಇದೆಲ್ಲವನ್ನೂ ಕೂತು ಬರೆದ. ಹಗ್ಗ, ದ್ವೀಪ, ಸತ್ತ ಹುಡುಗ, ಬಿಡುಗಡೆ ಮಾಡಿದ ಜ್ಯೂರಿ, ತಾನೇ ಇದ್ದ ಸರ್ಕಾರದ ಆಜ್ಞೆಗಳು. ಗೆದ್ದವರು ಸಂಭ್ರಮದ ಚರಿತ್ರೆ ಬರೆಯುತ್ತಿದ್ದ ಹೊತ್ತಿನಲ್ಲಿ ಇವನು ಸೋತವರ ಕಡತ ಬರೆದ. ವಕೀಲರೇ, ನಿಮ್ಮ ಆರೋಪಪಟ್ಟಿಗೆ ಬೇಕಾದ ಸಾಕ್ಷಿಯೆಲ್ಲ ನಮಗೆ ಸಿಕ್ಕಿದ್ದು ಬಹುಪಾಲು ಅವನ ಕೈಯಿಂದಲೇ. ಅವನನ್ನು ನಾನು ಒಳ್ಳೆಯವನೆಂದು ಹೇಳುವುದು ಇದಕ್ಕೆ. ಸಿಲ್ವೇನಸ್ ವಾರೋ ವಿಷಯದಲ್ಲಿ ಹಾಗೆ ಹೇಳಲಾರೆ.

ನಾವು ವೂಸ್ಟರ್ ಪಕ್ಕದ ಶ್ರೂಸ್‌ಬರಿಯಲ್ಲಿ ಎಂಟು ವರ್ಷದಿಂದ ಇದ್ದೇವೆ. ಈ ಹೆಸರೇ ಕೇಳಿರಲಿಲ್ಲ. ನೋಡುವಂಥದ್ದು ಏನಿದೆ ಆಂಟಿ?
*— ಕನ್ನಡ ಕುಟುಂಬ, ಮ್ಯಾಸಚೂಸೆಟ್ಸ್*

ನಿಮ್ಮ ಕಾಲ ಕೆಳಗಿನ ಸೀಮೆಯೇ ಇದು. ವೂಸ್ಟರ್‌ನಲ್ಲಿ ಮೊದಲ ಮನೆಗಳು ಎದ್ದದ್ದು 1674ರ ಹೊತ್ತಿಗೆ, ಗೂಕಿನ್ ಮುಂದಾಳತ್ವದಲ್ಲಿ. ಯುದ್ಧ ಬಂದು ಬಿಟ್ಟುಹೋದರು. 1684ರಲ್ಲಿ ಮತ್ತೆ ಬಂದಾಗ ವೂಸ್ಟರ್ ಎಂದು ಹೆಸರಿಟ್ಟರು. ಇಂದು ಎರಡು ಲಕ್ಷ ಜನರ ನಗರ. ಅಲ್ಲಿ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿ ಎಂಬ ಹಳೆಯ ಸಂಸ್ಥೆಯಿದೆ. 1677ರ ಹಸ್ತಪ್ರತಿಯನ್ನು ಗೂಕಿನ್ ಇಂಗ್ಲೆಂಡಿಗೆ ಕಳಿಸಿದ್ದ. ಅಲ್ಲಿ ಅದನ್ನು ಯಾರೂ ಅಚ್ಚು ಮಾಡಲಿಲ್ಲ. ನೂರೈವತ್ತೊಂಬತ್ತು ವರ್ಷ ಕಳೆದು 1836ರಲ್ಲಿ ಅದನ್ನು ಪ್ರಕಟಿಸಿದ್ದು ಈ ಸೊಸೈಟಿ, ಅವನೇ ನೆಲೆ ಮಾಡಿದ ಊರಿನ ಸಂಸ್ಥೆ.

ಒಂದು ಭಾನುವಾರ ಡೀರ್ ಐಲೆಂಡಿಗೆ ಹೋಗಿ. ಈಗ ಅದು ದ್ವೀಪವಲ್ಲ. 1938ರ ಚಂಡಮಾರುತದಲ್ಲಿ ನಡುವಿನ ಕಾಲುವೆ ತುಂಬಿ ನೆಲಕ್ಕೆ ಸೇರಿಕೊಂಡಿದೆ. ಬೋಸ್ಟನ್ನಿನ ಕೊಳಚೆ ನೀರು ಶುದ್ಧ ಮಾಡುವ ಸ್ಥಾವರ ಅಲ್ಲಿದೆ. ಮೊಟ್ಟೆಯಾಕಾರದ ಹನ್ನೆರಡು ದೊಡ್ಡ ತೊಟ್ಟಿಗಳು ದೂರದಿಂದಲೇ ಕಾಣುತ್ತವೆ. ಸುತ್ತ ನಡೆಯುವ ದಾರಿಯಿದೆ. ನಾನು ಅಳಿಯನ ಜೊತೆ ಹೋದದ್ದು ನವೆಂಬರ್‌ನಲ್ಲಿ. ಎರಡು ಸ್ವೆಟರ್, ಮೇಲೊಂದು ದಪ್ಪ ಕೋಟು ಹಾಕಿದ್ದರೂ ಅರ್ಧ ಗಂಟೆಗೆ ಕಿವಿ, ಬೆರಳು ಸೆಟೆದುಹೋದವು. ತಲೆಯ ಮೇಲೆ ಲೋಗನ್ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳು. ಪ್ರತಿ ಅಕ್ಟೋಬರ್ ಕೊನೆಗೆ ಆ ಜನರ ವಂಶದವರು ಅಲ್ಲಿಗೆ ಬಂದು ಸತ್ತವರನ್ನು ನೆನೆಯುತ್ತಾರೆ.

ಹಾರ್ವರ್ಡ್ ಎದುರಿನ ಹಳೆಯ ಸ್ಮಶಾನದಲ್ಲಿ ಗೂಕಿನ್ ಸಮಾಧಿಯಿದೆ.

ಅವನ ಕೊನೆಗಾಲ ಹೇಗಿತ್ತು?
*— ನಿವೃತ್ತ ಅಂಚೆ ನೌಕರರು, ಹಾಸನ*

1681ರಲ್ಲಿ ವಸಾಹತಿನ ಪಡೆಗಳಿಗೆಲ್ಲ ಮೇಜರ್ ಜನರಲ್ ಆದ. ತೀರಿಕೊಂಡದ್ದು 1687ರ ಮಾರ್ಚ್ 19ರ ಬೆಳಗಿನ ಜಾವ. ಸ್ಯಾಮ್ಯುಯೆಲ್ ಸೀವಾಲ್ ಎಂಬ ನ್ಯಾಯಾಧೀಶ ಅಂದಿನ ದಿನಚರಿಯಲ್ಲಿ ‘ನಿಜಕ್ಕೂ ಒಳ್ಳೆಯ ಮನುಷ್ಯ’ ಎಂದು ಬರೆದುಕೊಂಡಿದ್ದಾನೆ. ಉಳಿತಾಯ ಹೆಚ್ಚೇನಿರಲಿಲ್ಲ. ಎಲಿಯಟ್ ಲಂಡನ್ನಿನ ರಾಬರ್ಟ್ ಬಾಯ್ಲ್‌ಗೆ ಪತ್ರ ಬರೆದು, ಗೂಕಿನ್‌ನ ವಿಧವೆಗೆ ಹತ್ತು ಪೌಂಡ್ ಕೊಡಿಸಬೇಕೆಂದು ಕೇಳಿಕೊಂಡ. ಪಿಯುಸಿಯಲ್ಲಿ ಬಾಯ್ಲ್‌ನ ನಿಯಮ ಓದಿದ್ದೀರಲ್ಲ, ಅದೇ ಬಾಯ್ಲ್. ಮೂಲನಿವಾಸಿಗಳ ನಡುವಿನ ಧರ್ಮಪ್ರಚಾರಕ್ಕೆ ಹಣ ಕಳಿಸುತ್ತಿದ್ದ ಲಂಡನ್ನಿನ ಸಂಸ್ಥೆಗೆ ಆತ ಮುಖ್ಯಸ್ಥನಾಗಿದ್ದ.

ಅಜ್ಜಿ, ನಮ್ಮ ಮನೆಯಲ್ಲಿ ನೀವು ಫೋನಿನಲ್ಲಿ ಈ ಕಥೆ ಹೇಳಿದಿರಿ. ಹಿಮದಲ್ಲಿ ನಡೆದು ಬಂದವನ ಮಕ್ಕಳು ಸಿಕ್ಕಿದರಾ?
*— ಒಂಬತ್ತನೇ ತರಗತಿ, ತೀರ್ಥಹಳ್ಳಿ*

ಸಿಕ್ಕಿದರು ಪುಟ್ಟಿ. ಆದರೆ ಕೂಡಲೇ ಅಲ್ಲ. ಜಾಬ್ ಅಷ್ಟು ಕಷ್ಟಪಟ್ಟು ಸುದ್ದಿ ತಂದ ಮೇಲೂ ಅವನನ್ನು ಮತ್ತೆ ದ್ವೀಪಕ್ಕೇ ಕಳಿಸಿದ್ದರು. ಮಕ್ಕಳನ್ನು ಕಾಡಿನಲ್ಲಿ ಇಂಥ ಕಡೆ ಕರೆತರುತ್ತೇವೆ ಎಂದು ಅವನ ಕಡೆಯವರು ಗೊತ್ತು ಮಾಡಿದ್ದರು. ಹೋಗಿ ಕರೆತರಲು ಅನುಮತಿ ಸಿಕ್ಕಾಗ ಸಿಪಾಯಿಗಳು ಗಲಾಟೆ ಎಬ್ಬಿಸಿದರು. ಕೊನೆಗೆ ಮೂವರೂ ಜೀವಂತ ಬಂದರು. ಅಷ್ಟು ದಿನ ಆ ಮಕ್ಕಳನ್ನು ತನ್ನ ಮಡಿಲಿಗೆ ಹಾಕಿಕೊಂಡು ಸಾಕಿದ್ದವಳು ಒಬ್ಬ ವಿಧವೆ. ಆಮೇಲೆ ಜಾಬ್ ಅವಳನ್ನು ಮದುವೆಯಾದ. ಇದನ್ನೂ ಗೂಕಿನ್ ಬರೆದಿಟ್ಟಿದ್ದಾನೆ.

ಇನ್ನೊಬ್ಬನ ಸುದ್ದಿಯನ್ನೂ ಹೇಳುತ್ತೇನೆ, ನೀನು ಕೇಳದಿದ್ದರೂ. ಹಗ್ಗದಲ್ಲಿ ಕಟ್ಟಿಸಿಕೊಂಡಿದ್ದ ಜೇಮ್ಸ್ ಪ್ರಿಂಟರ್ ಯುದ್ಧ ಮುಗಿದ ಮೇಲೆ ಕೇಂಬ್ರಿಜ್‌ನ ಅಚ್ಚುಕೂಟಕ್ಕೆ ವಾಪಸ್ ಹೋದ. ಬೈಬಲಿನ ಎರಡನೇ ಮುದ್ರಣಕ್ಕೂ ಮೊಳೆ ಜೋಡಿಸಿದ. 1709ರಲ್ಲಿ ಅಚ್ಚಾದ ಕೀರ್ತನೆಗಳ ಪುಸ್ತಕದ ಮೊದಲ ಪುಟದಲ್ಲಿ, ಮುದ್ರಕರು ಎಂಬ ಕಡೆ, ಅವನ ಹೆಸರಿದೆ.